ಸೀಲ್ ಬದಲಿಸಿದರೂ ನೀಲಿ ಹೊಗೆ ನಿಲ್ಲಲಿಲ್ಲ: ಟ್ರ್ಯಾಕ್ಟರ್ ಹೆಡ್ ಇಳಿಸುವ ಮುಂಚೆ ಇದನ್ನೊಮ್ಮೆ ಓದಿ

ಹೋದ ವಾರ ಪಕ್ಕದ ತಾಲ್ಲೂಕಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ 20 ಸೆಕೆಂಡಿನ ವಿಡಿಯೋ ಕಳಿಸಿದ್ದ. ಬೆಳಗಿನ ಹೊತ್ತು, ಅಂಗಳದಲ್ಲಿ ಟ್ರ್ಯಾಕ್ಟರ್. ಸ್ಟಾರ್ಟ್ ಮಾಡಿದ ಕೂಡಲೇ ಸೈಲೆನ್ಸರ್‌ನಿಂದ ನೀಲಿ ಹೊಗೆ ಭುಸ್ಸಂತ ಎದ್ದು ಪಕ್ಕದ ಬೇವಿನ ಮರ ಕಾಣದಂಗಾಯ್ತು. ಕೆಳಗೆ ಒಂದು ಮೆಸೇಜು: "ಅಣ್ಣಾ, ಮೇಸ್ತ್ರಿ ವಾಲ್ವ್ ಸೀಲ್ ಹೋಗ್ಯಾವ ಅಂತಾನ. ಆನ್‌ಲೈನ್‌ನಾಗ ಆರು ಸೀಲಿಗೆ 150 ರೂಪಾಯಿದ್ದೂ ಅದಾವ, 600 ರೂಪಾಯಿದ್ದೂ ಅದಾವ. ಯಾವ್ದು ತರಸ್ಲಿ?"

"600ರದ್ದು ತರಿಸು" ಅಂತ ಟೈಪ್ ಮಾಡಿ ಅಳಿಸಿದೆ. ಮೂರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿದ್ದೆ, ಅದಕ್ಕೆ ಸಿಕ್ಕ ಉತ್ತರ ನಂಬಿ ಒಂದು ಮುಂಗಾರಿನ ಹದ ಕಳಕೊಂಡಿದ್ದೆ. ಪ್ರಶ್ನೆಯೇ ಅರ್ಧ ಆಗಿತ್ತು. ಹಾಗಾಗಿ ಈ ವಾರ ಎರೆಗೊಬ್ಬರ, ಜೀವಾಮೃತದ ಮಾತು ಬಿಟ್ಟು ಎಂಜಿನ್ ಹೆಡ್ಡಿನ ಒಳಗೆ ಇಣುಕೋಣ. ತೋಟಗಾರಿಕೆ ಓದಿದವನಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ. ಕಾಲೇಜಿನಲ್ಲಿ ಸ್ಟೆಮ್ ಅಂದ್ರೆ ಕಾಂಡ ಅಂತ ಕಲಿತವನು ನಾನು. ವಾಲ್ವಿಗೂ ಒಂದು ಸ್ಟೆಮ್ ಇರುತ್ತೆ, ಅದಕ್ಕೊಂದು ಸೀಲ್ ಇರುತ್ತೆ ಅಂತ ಗೊತ್ತಾಗಿದ್ದು ದುಡ್ಡು ಕಳಕೊಂಡ ಮೇಲೆ.

ನನ್ನದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 3 ಸಿಲಿಂಡರಿನ, 40 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್. ತಗೊಂಡ ಎರಡನೇ ವರ್ಷ ಬೆಳಗ್ಗೆ ಬೆಳಗ್ಗೆ ನೀಲಿ ಹೊಗೆ ಶುರುವಾಯ್ತು. ಸುಮಾರು 25 ಗಂಟೆ ಓಡಿದರೆ ಅರ್ಧ ಲೀಟರ್ ಆಯಿಲ್ ಮಾಯ. ಸಾವಯವ ತೋಟ ಅಂತ ಗೇಟಿಗೆ ಬೋರ್ಡ್ ತೂಗುಹಾಕಿ, ಅದರ ಮುಂದೆಯೇ ನೀಲಿ ಹೊಗೆ ಬಿಟ್ಕೊಂಡು ಓಡಾಡೋದು ನನಗೇ ನಾಚಿಕೆ ಅನಿಸ್ತಿತ್ತು. ಮೇ ಕೊನೆಯಲ್ಲಿ ಊರ ಮೇಸ್ತ್ರಿ ಹತ್ರ ಒಯ್ದೆ.

"ಕಾಕಾ, ಮೃಗಶಿರಾ ಮಳಿ ಬರೋದ್ರಾಗ ಮುಗಿಸ್ರಿ. ಖರ್ಚು ಭಾಳ ಆಗಬಾರದು ನೋಡ್ರಿ."

"ಸೀಲ್ ಹಾಕಿದ್ರ ಮುಗೀತು ತಮ್ಮಾ. ಗೈಡ್ ಗೀಡ್ ಮುಟ್ಟೋದು ಬ್ಯಾಡ, ಲೇತಿಗೆ ಕೊಟ್ರ ನಾಕ್ ದಿನ ಹೊಕ್ಕಾವ."

ನನಗೂ ಅದೇ ಬೇಕಿತ್ತು. 180 ರೂಪಾಯಿಗೆ ಆರು ಕಪ್ಪು ಸೀಲ್, ಹೊಸ ಹೆಡ್ ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರ ಚಿಲ್ಲರೆ. ಎರಡು ವಾರ ಹೊಗೆ ನಿಂತಿತು. ಮೂರನೇ ವಾರ ಸಣ್ಣಗೆ ಬಂತು. ಬಿತ್ತನೆ ಹದ ಬಂದ ಹೊತ್ತಿಗೆ ಮೊದಲಿಗಿಂತ ಜಾಸ್ತಿ ಆಗಿತ್ತು, ಜೊತೆಗೆ ಒಂದು ಸಿಲಿಂಡರ್ ಮಿಸ್ ಹೊಡೀತಿತ್ತು. ಎರಡನೇ ಸಲ ಹೆಡ್ ಇಳಿಸಿ, ಲೇತಿಗೆ ಕಳಿಸಿ, ವಾಪಸ್ ಕೂರಿಸೋಕೆ ಒಂಬತ್ತು ದಿನ. ಅಷ್ಟೂ ದಿನ ಬಾಡಿಗೆ ಟ್ರ್ಯಾಕ್ಟರಿಗಾಗಿ ಮಂದಿ ಮನೆ ಬಾಗಿಲು ಕಾದೆ. ಹದ ಇದ್ದಾಗ ಯಾರ ಟ್ರ್ಯಾಕ್ಟರೂ ಖಾಲಿ ಇರಲ್ಲ, ನಿಮಗೆ ಗೊತ್ತಿರೋದೇ. ಎರಡು ಎಕರೆ ಬಿತ್ತನೆ ತಡವಾಯ್ತು, ಆ ಎರಡು ಎಕರೆ ಇಳುವರಿ ಕೊನೆವರೆಗೂ ಸುಧಾರಿಸಲಿಲ್ಲ.

ಮೇಸ್ತ್ರಿ ತಪ್ಪು ಅಂತ ನಾನು ಹೇಳಲ್ಲ. ಕಡಿಮೆಯಲ್ಲಿ, ಬೇಗ ಮುಗಿಸಿ ಅಂದವನು ನಾನೇ.

ಸೀಲ್ ಮಾಡೋ ಕೆಲಸ ಏನು?

ಎಂಜಿನ್ ಹೆಡ್ಡಿನಲ್ಲಿ ಪ್ರತಿ ಸಿಲಿಂಡರಿಗೆ ಗಾಳಿ ಒಳಗೆ ಬಿಡೋಕೆ ಒಂದು ಇನ್‌ಲೆಟ್ ವಾಲ್ವ್, ಹೊಗೆ ಹೊರಗೆ ಹಾಕೋಕೆ ಒಂದು ಎಕ್ಸಾಸ್ಟ್ ವಾಲ್ವ್. ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಲೆಕ್ಕ ಇಷ್ಟೇ, 3 ಸಿಲಿಂಡರಿಗೆ 6 ವಾಲ್ವ್. ವಾಲ್ವಿನ ಉದ್ದನೆಯ ಕಡ್ಡಿಯೇ ಸ್ಟೆಮ್. ಅದು ಮೇಲೆ ಕೆಳಗೆ ಆಡೋದು ಗೈಡ್ ಅನ್ನೋ ಕೊಳವೆಯೊಳಗೆ. ಗೈಡಿನ ಮೇಲ್ತುದಿಯಲ್ಲಿ ಟೊಪ್ಪಿಗೆಯಂತೆ ಕೂರೋದು ಸೀಲ್.

ಹೆಡ್ಡಿನ ಮೇಲ್ಭಾಗದಲ್ಲಿ, ರಾಕರ್ ಕವರ್ ಒಳಗೆ, ಯಾವಾಗಲೂ ಆಯಿಲ್ ಸಿಡೀತಿರುತ್ತೆ. ಆ ಆಯಿಲ್ ಕಡ್ಡಿ ಹಿಡಿದು ಕೆಳಗಿಳಿದರೆ ನೇರ ಸಿಲಿಂಡರಿಗೆ ಬಿದ್ದು ಸುಟ್ಟು ನೀಲಿ ಹೊಗೆ ಆಗುತ್ತೆ. ಹಾಗಂತ ಪೂರ್ತಿ ತಡೆದರೂ ಕಷ್ಟ. ಕಡ್ಡಿಗೂ ಗೈಡಿಗೂ ನಡುವೆ ಆಯಿಲಿನ ತೆಳು ಪದರ ಇಲ್ಲದಿದ್ದರೆ ಎರಡೂ ಒಣಗಿ ತಿಕ್ಕಿ ಜಾಮ್ ಆಗುತ್ತವೆ. ಅಂದರೆ ಸೀಲ್ ಮಾಡೋದು ನಮ್ಮ ಡ್ರಿಪ್ಪರ್ ಮಾಡೋ ಕೆಲಸವನ್ನೇ. ನೀರು ನಿಲ್ಲಿಸೋದಲ್ಲ, ಅಳೆದು ಬಿಡೋದು. "ಡಬಲ್ ಟೈಟ್ ಇರೋ ಸೀಲ್ ಹಾಕ್ರಿ, ಒಂದು ಹನಿನೂ ಇಳೀಬಾರದು" ಅಂತ ಕೇಳೋರಿದ್ದಾರೆ. ಹಾಗೆ ಕೇಳಬೇಡಿ.

ಕೆಲಸದ ಅಂದಾಜಿಗೆ ಒಂದು ಲೆಕ್ಕ. ಎಂಜಿನ್ 2000 ಆರ್‌ಪಿಎಂನಲ್ಲಿ ತಿರುಗಿದರೆ ಪ್ರತಿ ವಾಲ್ವ್ ನಿಮಿಷಕ್ಕೆ 1000 ಸಲ ತೆರೆದು ಮುಚ್ಚುತ್ತೆ. 8 ಗಂಟೆ ರೋಟಾವೇಟರ್ ಹೊಡೆದರೆ 4 ಲಕ್ಷ 80 ಸಾವಿರ ಸಲ. 1000 ಗಂಟೆಗೆ 6 ಕೋಟಿ ಸಲ. ಅಷ್ಟು ಸಲವೂ ಸೀಲಿನ ತುಟಿ ಬಿಸಿ ಕಡ್ಡಿಯ ಮೇಲೆ ಜಾರಬೇಕು. 25 ರೂಪಾಯಿಯ ರಬ್ಬರಿನ ಮೇಲೆ ನಾವು ಹೊರಿಸೋ ಭಾರ ಇದು.

ಹೊಗೆ ಎಲ್ಲಿಂದ ಅಂತ ಮೊದಲು ನೋಡಿ

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಬಿಳಿ ಅಂದರೆ ಸುಡದೇ ಹೋದ ಡೀಸೆಲ್, ಇಲ್ಲವೇ ನೀರು. ಇವೆರಡಕ್ಕೂ ವಾಲ್ವ್ ಸೀಲಿಗೂ ಸಂಬಂಧ ಇಲ್ಲ. ನೀಲಿ ಮಾತ್ರ ಆಯಿಲ್ ಸುಡೋ ಹೊಗೆ. ಆದರೆ ನೀಲಿ ಬಂತು ಅಂದ್ರೆ ಸೀಲೇ ಹೋಗಿದೆ ಅಂತಲೂ ಅಲ್ಲ.

ರಾತ್ರಿ ಪೂರ್ತಿ ನಿಂತ ಟ್ರ್ಯಾಕ್ಟರ್ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ದಟ್ಟ ನೀಲಿ ಹೊಗೆ ಬಂದು ಆಮೇಲೆ ತಿಳಿಯಾದರೆ ಸೀಲ್, ಗೈಡ್ ಕಡೆ ಅನುಮಾನ ಪಡಬಹುದು. ಮೇಲೆ ನಿಂತಿದ್ದ ಆಯಿಲ್ ರಾತ್ರಿಯೆಲ್ಲ ಕಡ್ಡಿ ಗುಂಟ ಇಳಿದಿರುತ್ತೆ. ಹತ್ತು ನಿಮಿಷ ಸ್ಲೋನಲ್ಲಿ ಬಿಟ್ಟು ಒಮ್ಮೆಲೇ ರೇಸ್ ಕೊಟ್ಟಾಗ ನೀಲಿ ಉಗುಳಿದರೂ ಅದೇ ಸೂಚನೆ. ಅದರ ಬದಲು ಲೋಡ್ ಬಿದ್ದಾಗ, ನೇಗಿಲು ಹೂಡಿದಾಗ, ಎಡೆಬಿಡದೆ ನೀಲಿ ಬರ್ತಿದ್ದರೆ ಪಿಸ್ಟನ್ ರಿಂಗ್, ಲೈನರ್ ನೋಡಿಸಬೇಕು. ಎಂಜಿನ್ ಓಡ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಹುಷಾರಾಗಿ ಸಡಿಲಿಸಿ ನೋಡಿ. ಬುಸುಬುಸು ಅಂತ ಜೋರಾಗಿ ಗಾಳಿ ಹೊಗೆ ಒತ್ತಿ ಬಂದರೆ ರಿಂಗ್ ದಾಟಿ ಗ್ಯಾಸ್ ಕೆಳಗಿಳೀತಿದೆ ಅಂತ ಅರ್ಥ. ಆಗ ಹೊಸ ವಾಲ್ವ್ ಸೀಲ್ ಹಾಕೋದು, ಬೇರು ಕೊಳೆತ ಗಿಡದ ಎಲೆಗೆ ಔಷಧಿ ಹೊಡೆದಂಗೆ.

ಇನ್ನೊಂದು ವಿಷಯ. ಕಾರು ಬೈಕಿನ ಪೆಟ್ರೋಲ್ ಎಂಜಿನ್ ಬಗ್ಗೆ ಯೂಟ್ಯೂಬ್‌ನಲ್ಲಿ ನೋಡಿದ್ದನ್ನೆಲ್ಲ ಟ್ರ್ಯಾಕ್ಟರಿಗೆ ಹಚ್ಚಬೇಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿ ದಾರಿ ಮುಚ್ಚಿ ಒಳಗೆ ಜೋರು ವ್ಯಾಕ್ಯೂಮ್ ಆಗುತ್ತೆ, ಅದು ಗೈಡಿನ ಸಂದಿಯಿಂದ ಆಯಿಲನ್ನು ಹೀರುತ್ತೆ. ನಮ್ಮ ಸಾಮಾನ್ಯ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಆಕ್ಸಿಲರೇಟರ್ ಬದಲಿಸೋದು ಡೀಸೆಲ್ ಪ್ರಮಾಣವನ್ನು ಮಾತ್ರ, ಗಾಳಿ ದಾರಿ ಯಾವಾಗಲೂ ತೆರೆದೇ ಇರುತ್ತೆ. ಹಾಗಾಗಿ ಹೀರುವ ಜೋರು ಕಡಿಮೆ.

ಆದರೆ ಏರ್ ಕ್ಲೀನರ್ ಕಟ್ಟಿಕೊಂಡಿದ್ದರೆ? ಆಗ ಡೀಸೆಲ್ ಎಂಜಿನ್ನೂ ಉಸಿರು ಕಟ್ಟಿ ಹೀರೋಕೆ ಶುರು ಮಾಡುತ್ತೆ, ಸ್ವಲ್ಪ ಸವೆದ ಗೈಡಿನಿಂದಲೂ ಆಯಿಲ್ ಎಳೀತದೆ. ಆಯಿಲ್ ಬಾತ್ ಏರ್ ಕ್ಲೀನರಿಗೆ ಗುರುತಿಗಿಂತ ಮೇಲೆ ಆಯಿಲ್ ಸುರಿದಿದ್ದರಂತೂ ಅದೇ ಆಯಿಲ್ ನೇರವಾಗಿ ಒಳಗೆ ಹೋಗಿ ನೀಲಿ ಹೊಗೆ ಬರುತ್ತೆ, ಎಂಜಿನ್ ಹಿಡಿತ ತಪ್ಪಿ ತಾನಾಗೇ ರೇಸ್ ಆಗುವ ಅಪಾಯವೂ ಇದೆ. ಜೋಳ, ಮೆಕ್ಕೆಜೋಳ ಒಕ್ಕಣೆ ಸೀಸನ್ ಮುಗಿದ ಮೇಲೆ ಏರ್ ಕ್ಲೀನರ್ ಬಿಚ್ಚಿ ನೋಡಿ, ಒಳಗೆ ಎಷ್ಟು ಹೊಟ್ಟು ಅಂತ. ಆ ಹುಡುಗನಿಗೆ ನಾನು ಮೊದಲು ಹೇಳಿದ್ದು ಇದನ್ನೇ: ಒಂದು ರೂಪಾಯಿ ಖರ್ಚಿಲ್ಲ, ಏರ್ ಕ್ಲೀನರ್, ಬ್ರೀದರ್ ಪೈಪ್, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ, ಈ ಮೂರು ನೋಡಿ ಆಮೇಲೆ ಮಾತಾಡು.

ಗೈಡ್ ಸವೆದಿದ್ದರೆ ಯಾವ ಸೀಲೂ ನಿಲ್ಲಲ್ಲ

ನನ್ನ ನಾಲ್ಕು ಸಾವಿರ ಹೋಗಿದ್ದು ಇಲ್ಲಿ. ಡ್ರಿಪ್ ಹಾಕಿದವರಿಗೆ ಗ್ರೋಮೆಟ್ ಗೊತ್ತಲ್ಲ, ಪಿವಿಸಿ ಪೈಪಿಗೆ ತೂತು ಕೊರೆದು ಲ್ಯಾಟರಲ್ ಜೋಡಿಸೋ ರಬ್ಬರ್ ಬಳೆ. ಡ್ರಿಲ್ ಅಡ್ಡಾದಿಡ್ಡಿ ಆಡಿ ತೂತು ಕೋಳಿಮೊಟ್ಟೆ ಆಕಾರ ಆಗಿದ್ದರೆ ಎಷ್ಟು ದುಬಾರಿ ಗ್ರೋಮೆಟ್ ಹಾಕಿದರೂ ಸೋರುತ್ತೆ. ರಬ್ಬರ್ ತಪ್ಪಲ್ಲ, ತೂತಿನ ತಪ್ಪು.

ವಾಲ್ವ್ ಗೈಡ್ ಸವೆಯೋದೂ ಹಾಗೇ, ದುಂಡಗೆ ಸವೆಯಲ್ಲ. ರಾಕರ್ ಕೈ ಕಡ್ಡಿಯ ತಲೆಯನ್ನು ಒತ್ತುವಾಗ ನೇರ ಕೆಳಕ್ಕೆ ಮಾತ್ರ ಒತ್ತಲ್ಲ, ಸ್ವಲ್ಪ ಪಕ್ಕಕ್ಕೂ ನೂಕುತ್ತೆ. ವರ್ಷಗಟ್ಟಲೆ ಹೀಗೆ ನೂಕಿ ನೂಕಿ ಗೈಡಿನ ಮೇಲ್ತುದಿ, ಕೆಳತುದಿ ಎರಡೂ ಮೊಟ್ಟೆ ಆಕಾರಕ್ಕೆ ಅಗಲ ಆಗುತ್ತವೆ. ಅದರೊಳಗೆ ಕಡ್ಡಿ ಮೇಲೆ ಕೆಳಗೆ ಆಡೋದರ ಜೊತೆ ಅಕ್ಕಪಕ್ಕಕ್ಕೂ ತೊನೆಯುತ್ತೆ. ಹೊಸ ಸೀಲ್ ಹಾಕಿದಾಗ ತುಟಿ ಮೆತ್ತಗಿರೋದರಿಂದ ಒಂದೆರಡು ವಾರ ಆ ತೊನೆತದ ಜೊತೆ ಹೊಂದಿಕೊಳ್ಳುತ್ತೆ. ಆಮೇಲೆ ಒಂದು ಕಡೆ ಉಜ್ಜಿ ಉಜ್ಜಿ ತುಟಿ ಬಿಡುತ್ತೆ. ನನ್ನ ಟ್ರ್ಯಾಕ್ಟರಿನಲ್ಲಿ ಹೊಗೆ ಎರಡು ವಾರ ನಿಂತು ಮತ್ತೆ ಬಂದ ಗುಟ್ಟು ಇಷ್ಟೇ. ಎರಡನೇ ಸಲ ಬಿಚ್ಚಿದಾಗ ಆರರಲ್ಲಿ ನಾಲ್ಕು ಸೀಲಿನ ತುಟಿ ಒಂದೇ ಪಕ್ಕ ಹರಿದಿತ್ತು.

ಹೆಡ್ ಇಳಿಸಿದಾಗ ನೀವೇ ನಿಂತು ಈ ಪರೀಕ್ಷೆ ಮಾಡಿಸಿ. ವಾಲ್ವನ್ನು ಅದರದೇ ಗೈಡಿಗೆ ಹಾಕಿ, ಸೀಟಿನಿಂದ ಸುಮಾರು 10 ಮಿ.ಮೀ. ಎತ್ತಿ ಹಿಡಿದು ತಲೆಯನ್ನು ಅಕ್ಕಪಕ್ಕ ಅಲುಗಾಡಿಸಿ. ರಾಕರ್ ನೂಕುವ ದಿಕ್ಕಿನಲ್ಲಿ ಒಮ್ಮೆ, ಅದಕ್ಕೆ ಅಡ್ಡ ಒಮ್ಮೆ. ಒಂದು ದಿಕ್ಕಿನಲ್ಲಿ ಜಾಸ್ತಿ ಆಡಿದರೆ ಗೈಡ್ ಮೊಟ್ಟೆಯಾಗಿದೆ. ಒಳ್ಳೆ ಲೇತ್ ಅಂಗಡಿಯವರು ಡಯಲ್ ಗೇಜ್ ಇಟ್ಟು ಅಳೆದು ಹೇಳ್ತಾರೆ. ಹೊಸ ಸ್ಥಿತಿಯಲ್ಲಿ ಕಡ್ಡಿಗೂ ಗೈಡಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಒಂದು ಭಾಗಗಳ ಲೆಕ್ಕದಲ್ಲಿರುತ್ತೆ, ಇನ್‌ಲೆಟ್‌ಗಿಂತ ಎಕ್ಸಾಸ್ಟಿಗೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು, ಯಾಕಂದ್ರೆ ಅದು ಹೆಚ್ಚು ಬಿಸಿಯಾಗಿ ಹಿಗ್ಗುತ್ತೆ. ಎಷ್ಟರವರೆಗೆ ಓಕೆ, ಎಷ್ಟಕ್ಕೆ ಬದಲಿಸಬೇಕು ಅನ್ನೋದು ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್‌ನಲ್ಲೇ ಇರುತ್ತೆ. ಅದರ ಪುಟ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಬೇರೆ ಕಂಪನಿಯ ಅಂಕಿ ನಿಮ್ಮ ಎಂಜಿನ್ನಿಗೆ ನಡೆಯಲ್ಲ.

ಕಡ್ಡಿಯನ್ನೂ ಬೆರಳಲ್ಲಿ ಸವರಿ ನೋಡಿ. ಗೈಡಿನೊಳಗೆ ಆಡುವ ಭಾಗ ಶುರುವಾಗೋ ಕಡೆ ಉಗುರಿಗೆ ಮೆಟ್ಟಿಲು ಸಿಕ್ಕರೆ ವಾಲ್ವೂ ಸವೆದಿದೆ. ಅದಕ್ಕೆ ಹೊಸ ಗೈಡ್ ಮಾತ್ರ ಹಾಕಿದರೆ ಅರ್ಧ ಕೆಲಸ.

ಗೈಡ್ ಬದಲಿಸಿದರೆ ಸೀಟನ್ನೂ ಕತ್ತರಿಸಿ ಕೂರಿಸಲೇಬೇಕು. ಹೊಸ ಗೈಡಿನ ನಡುಗೆರೆ ಹಳೆಯದರಷ್ಟೇ ಕರಾರುವಾಕ್ಕಾಗಿ ಬರಲ್ಲ, ಹಳೇ ಸೀಟಿನ ಮೇಲೆ ವಾಲ್ವ್ ಒಂದು ಬದಿ ಎತ್ತಿಕೊಂಡು ಕೂರುತ್ತೆ, ಕಂಪ್ರೆಷನ್ ಸೋರುತ್ತೆ. ಲೇತಿನವರು ಇದಕ್ಕೆ ಬೇರೆ ಚಾರ್ಜ್ ಕೇಳಿದರೆ ಮೋಸ ಅಂತ ಅಂದುಕೊಳ್ಳಬೇಡಿ, ಅದು ಬೇರೆ ಕೆಲಸವೇ.

ಈಗ ಸೀಲ್ ಆಯ್ಕೆ

ಮೊದಲು ಜಾತಿ. ಹಳೇ ಎಂಜಿನ್‌ಗಳಲ್ಲಿ ಕಾಣೋದು ಕೊಡೆ ಥರದ್ದು. ಇದು ಗೈಡಿಗೆ ಅಂಟಿಕೊಳ್ಳಲ್ಲ, ಕಡ್ಡಿಯನ್ನು ಬಿಗಿಯಾಗಿ ಹಿಡಿದು ಅದರ ಜೊತೆಗೇ ಮೇಲೆ ಕೆಳಗೆ ಹೋಗುತ್ತೆ. ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕ್ಕೊಂಡಂಗೆ, ಮೇಲಿಂದ ಬೀಳೋ ಆಯಿಲನ್ನು ಗೈಡಿನ ಬಾಯಿಗೆ ಬೀಳದ ಹಾಗೆ ಹೊರಗೆ ಜಾರಿಸುತ್ತೆ. ಇನ್ನು ಕೆಲವದರಲ್ಲಿ ಕಡ್ಡಿಯ ತಲೆ ಹತ್ರದ ಕಾಲುವೆಯಲ್ಲಿ ಒಂದು ಸಣ್ಣ ಓ-ರಿಂಗ್ ಅಷ್ಟೇ. ಇತ್ತೀಚಿನವುಗಳಲ್ಲಿ ಗೈಡಿನ ತಲೆ ಮೇಲೆ ಒತ್ತಿ ಕೂರಿಸೋ ಸೀಲ್, ತುಟಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಬಳೆ ಇರುತ್ತೆ. ತುಟಿ ಸವೆದಂತೆ ಆ ಸ್ಪ್ರಿಂಗ್ ಅದನ್ನು ಕಡ್ಡಿಗೆ ಒತ್ತಿ ಹಿಡಿಯುತ್ತೆ. ಆಯಿಲ್ ಅಳೆದು ಬಿಡೋದರಲ್ಲಿ ಈ ಮೂರನೇದೇ ಚೆನ್ನ.

ಹಾಗಾದರೆ ಹಳೇ ಎಂಜಿನ್ನಿಗೂ ಮೂರನೇದನ್ನೇ ಹಾಕಿಸಿಬಿಡೋಣ ಅಂತ ಅನಿಸುತ್ತೆ. ಬೇಡ. ಅದನ್ನು ಹಿಡಿಯೋಕೆ ಗೈಡಿನ ತಲೆ ಅದೇ ಅಳತೆಗೆ ಕಡೆದಿರಬೇಕು. ವಾಲ್ವ್ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗಿನ ಮೇಲಿನ ತಟ್ಟೆಗೂ ಸೀಲಿಗೂ ನಡುವೆ ಜಾಗ ಉಳಿಯಬೇಕು, ಇಲ್ಲದಿದ್ದರೆ ತಟ್ಟೆ ಪ್ರತಿ ಸಲವೂ ಸೀಲಿನ ತಲೆಗೆ ಕುಟ್ಟಿ ಪುಡಿ ಮಾಡುತ್ತೆ. ಕಂಪನಿ ಎಕ್ಸಾಸ್ಟ್ ಗೈಡಿಗೆ ಸೀಲೇ ಕೊಟ್ಟಿಲ್ಲ ಅಂದ್ರೆ ಅದು ಮರೆವಲ್ಲ. ಎಕ್ಸಾಸ್ಟ್ ಕಡೆ ಒಳಗಿನಿಂದ ಹೊಗೆಯ ಒತ್ತಡ ಗೈಡಿನ ಮೂಲಕ ಮೇಲಕ್ಕೆ ಬರುತ್ತೆ, ಅಲ್ಲಿ ಆಯಿಲ್ ಹೀರುವ ತೊಂದರೆ ಕಡಿಮೆ, ಒಣಗುವ ತೊಂದರೆ ಹೆಚ್ಚು. ಅಂಥ ಗೈಡಿಗೆ ನಮ್ಮ ಜಾಣತನದಿಂದ ಬಿಗಿ ಸೀಲ್ ಹಾಕಿದರೆ ಹೊಗೆ ಕಡಿಮೆಯಾದರೂ ಕಡ್ಡಿ ಕಚ್ಚಿಕೊಳ್ಳಬಹುದು. ಕಂಪನಿ ಏನು ಕೊಟ್ಟಿದೆಯೋ ಅದೇ ಜಾತಿ, ಅದೇ ಅಳತೆ. ಮಾರ್ಪಾಡು ಮಾಡಲೇಬೇಕು ಅಂದ್ರೆ ಗೈಡ್ ಕಡೆಯಲು, ಜಾಗ ಅಳೆಯಲು ಬರುವ ಅಂಗಡಿಯಲ್ಲಿ ಮಾತ್ರ.

ಆಮೇಲೆ ರಬ್ಬರು. ಇಲ್ಲೇ 150ಕ್ಕೂ 600ಕ್ಕೂ ವ್ಯತ್ಯಾಸ. ಅಗ್ಗದವು ಹೆಚ್ಚಾಗಿ ನೈಟ್ರೈಲ್ ರಬ್ಬರ್. ಆಯಿಲಿಗೆ ಚೆನ್ನಾಗಿ ತಡೆಯುತ್ತೆ, ಆದರೆ ಸುಮಾರು 100-120 ಡಿಗ್ರಿ ದಾಟಿದ ಬಿಸಿಯಲ್ಲಿ ದಿನಗಟ್ಟಲೆ ಇದ್ದರೆ ಒಣಗಿದ ಹುಣಸೆ ಸಿಪ್ಪೆ ಥರ ಗಡುಸಾಗಿ ಬಿರುಕು ಬಿಡುತ್ತೆ. ಅದಕ್ಕಿಂತ ಮೇಲೆ ಪಾಲಿಅಕ್ರಿಲೇಟ್, ಸುಮಾರು 150 ಡಿಗ್ರಿವರೆಗೆ. ಅದಕ್ಕೂ ಮೇಲೆ ಫ್ಲೋರೋ ರಬ್ಬರ್, ಅಂಗಡಿಯಲ್ಲಿ ಎಲ್ಲರೂ ವೈಟಾನ್ ಅಂತಾರೆ (ಅದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು), 200 ಡಿಗ್ರಿ ಆಸುಪಾಸು ತಡೆದುಕೊಳ್ಳುತ್ತೆ. ಬೇಸಿಗೆಯಲ್ಲಿ ರೋಟಾವೇಟರ್ ಹೊಡೆಯೋ, ಟ್ರಾಲಿ ಎಳೆಯೋ ಟ್ರ್ಯಾಕ್ಟರಿಗೆ ನಾನಂತೂ ವೈಟಾನ್ ಬಿಟ್ಟು ಬೇರೆ ಹಾಕಿಸಲ್ಲ. ಆರು ಸೀಲಿಗೆ ನಾಲ್ಕೈದು ನೂರು ಉಳಿಸಲು ಹೋಗಿ ಮತ್ತೊಮ್ಮೆ ಹೆಡ್ ಇಳಿಸೋ ಕೂಲಿ, ಮತ್ತೊಂದು ಗ್ಯಾಸ್ಕೆಟ್ ಕೊಡೋದು ಯಾವ ಲೆಕ್ಕ? ವರ್ಷಕ್ಕೆ ನೂರು ಗಂಟೆ ಓಡೋ ಮಿನಿ ಟ್ರ್ಯಾಕ್ಟರಿಗೆ, ಕಂಪನಿಯೇ ನೈಟ್ರೈಲ್ ಕೊಟ್ಟಿದ್ದರೆ, ಅಸಲಿ ನೈಟ್ರೈಲ್ ಸಾಕು.

ಬಣ್ಣ ನೋಡಿ ಮೋಸ ಹೋಗಬೇಡಿ. ಹಸಿರು, ಕಂದು ಬಣ್ಣದ್ದೆಲ್ಲ ವೈಟಾನ್, ಕಪ್ಪೆಲ್ಲ ನೈಟ್ರೈಲ್ ಅಂತ ಅಂಗಡಿಯವರು ಹೇಳ್ತಾರೆ. ಅಂಥ ನಿಯಮ ಯಾವುದೂ ಇಲ್ಲ, ರಬ್ಬರಿಗೆ ಯಾವ ಬಣ್ಣ ಬೇಕಾದರೂ ಬೆರೆಸಬಹುದು. ಒಂದೇ ಪ್ಯಾಕೆಟ್‌ನಲ್ಲಿ ಎರಡು ಬಣ್ಣ ಇದ್ದರೆ ಮಾತ್ರ ಗಮನಿಸಿ: ಇನ್‌ಲೆಟಿಗೆ ಒಂದು, ಎಕ್ಸಾಸ್ಟಿಗೆ ಒಂದು ಅಂತ ಇರುತ್ತೆ, ಯಾವುದು ಯಾವುದಕ್ಕೆ ಅನ್ನೋದು ಪ್ಯಾಕೆಟ್ಟಿನ ಮೇಲೋ ಮ್ಯಾನುಯಲ್‌ನಲ್ಲೋ ಇರುತ್ತೆ. ಅದಲು ಬದಲು ಆಗಬಾರದು. ಬೆಂಕಿ ಕಡ್ಡಿ ಹಚ್ಚಿ ಪರೀಕ್ಷೆ ಮಾಡೋ ವಿಡಿಯೋಗಳೂ ಓಡಾಡ್ತಿವೆ. ದಯವಿಟ್ಟು ಮಾಡಬೇಡಿ, ಫ್ಲೋರೋ ರಬ್ಬರ್ ಸುಟ್ಟರೆ ಬರೋ ಹೊಗೆ ವಿಷ.

ಸರಿಯಾದ ದಾರಿ ಎಂದರೆ ಎಂಜಿನ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ ಅದೇ ನಂಬರಿನದನ್ನು ತರೋದು. ಮಾಡೆಲ್ ಹೆಸರು ಒಂದೇ ಇದ್ದರೂ ವರ್ಷ ಬದಲಾದಂತೆ ಹೆಡ್ ಬದಲಾಗಿರಬಹುದು. ತಂದ ಮೇಲೆ ವರ್ನಿಯರ್‌ನಲ್ಲಿ ಎರಡು ಅಳತೆ ನೋಡಿ: ಕಡ್ಡಿಯ ದಪ್ಪ, ಗೈಡಿನ ತಲೆಯ ಹೊರ ಅಳತೆ. ಬರಿಗಣ್ಣಿಗೆ 8 ಮಿ.ಮೀ. ಕಡ್ಡಿಗೂ 9 ಮಿ.ಮೀ. ಕಡ್ಡಿಗೂ ವ್ಯತ್ಯಾಸ ಕಾಣಲ್ಲ, ಸೀಲಿಗೆ ಕಾಣುತ್ತೆ. ಎರಡನೇ ಸಲ ನಾನು ತಂದ ಸೀಲ್ ಗೈಡಿನ ಮೇಲೆ ಕೈಯಲ್ಲೇ ಸಲೀಸಾಗಿ ಇಳೀತು. ನಾನು ಖುಷಿಪಟ್ಟೆ. ಲೇತ್ ಅಂಗಡಿಯ ಹಿರಿಯರು ಅದನ್ನು ಎರಡು ಬೆರಳಲ್ಲಿ ಎತ್ತಿ ತೆಗೆದು ನನ್ನ ಕೈಗೇ ಇಟ್ಟರು. "ಹೋಗುವಾಗ ಹಿಂಗ ಹೋದದ್ದು, ಬರೋವಾಗೂ ಹಿಂಗ ಬರತೈತಿ." ಒತ್ತಿ ಕೂರಿಸಬೇಕಾದ ಸೀಲ್ ಬಿಗಿಯಾಗೇ ಇಳೀಬೇಕು, ಇಲ್ಲದಿದ್ದರೆ ಎಂಜಿನ್ ಓಡುವಾಗ ಕಡ್ಡಿ ಜೊತೆ ಎದ್ದು ಬರುತ್ತೆ. ಅವತ್ತೇ ಹುಬ್ಬಳ್ಳಿಗೆ ಬಸ್ ಹತ್ತಿ ಬದಲಿಸಿಕೊಂಡು ಬಂದೆ.

ಕೂರಿಸುವಾಗ ಮುಂದೆ ನಿಂತಿರಿ

ಒಳ್ಳೆ ಸೀಲನ್ನು ಹತ್ತು ಸೆಕೆಂಡಿನಲ್ಲಿ ಹಾಳು ಮಾಡಬಹುದು. ಗೈಡ್, ಸೀಟ್, ಪೇಸ್ಟ್ ಹಾಕಿ ವಾಲ್ವ್ ಉಜ್ಜೋದು, ತೊಳೆಯೋದು ಎಲ್ಲ ಮುಗಿದ ಮೇಲೆ ಕೊನೆಗೆ ಸೀಲ್. ಉಜ್ಜೋ ಪೇಸ್ಟ್ ಅಂದರೆ ಮರಳು ಕಾಗದದ ಪುಡಿ ಇದ್ದಂಗೆ, ಗೈಡಿನೊಳಗೆ ಚೂರು ಉಳಿದರೂ ಹೊಸ ಗೈಡನ್ನೂ ಸೀಲನ್ನೂ ತಿಂದುಹಾಕುತ್ತೆ. ಉಜ್ಜಿದ್ದು ಸರಿ ಆಯ್ತೋ ಇಲ್ಲವೋ ನೋಡೋಕೆ ವಾಲ್ವ್ ಕೂರಿಸಿ ಪೋರ್ಟಿಗೆ ಸ್ವಲ್ಪ ಡೀಸೆಲ್ ಸುರಿದು ಐದು ನಿಮಿಷ ಬಿಡಿ. ವಾಲ್ವಿನ ಅಂಚಿನಲ್ಲಿ ಒದ್ದೆ ಕಾಣಿಸಿದರೆ ಇನ್ನೂ ಕೆಲಸ ಇದೆ.

ಸ್ಪ್ರಿಂಗಿನ ಕೆಳಗೆ ಕೂರುವ ವಾಷರ್ ಸೀಲಿಗಿಂತ ಮೊದಲು ಹಾಕಬೇಕು. ಹೆಚ್ಚಿನ ಎಂಜಿನ್‌ಗಳಲ್ಲಿ ಸೀಲ್ ಕೂತ ಮೇಲೆ ಅದು ಒಳಗೆ ಹೋಗಲ್ಲ. ಮರೆತವರು ಹೊಸ ಸೀಲನ್ನು ಸ್ಕ್ರೂ ಡ್ರೈವರ್‌ನಲ್ಲಿ ಮೀಟಿ ತೆಗೆದು ಮತ್ತೆ ಅದನ್ನೇ ಒತ್ತುತ್ತಾರೆ. ಹಾಗೆ ತೆಗೆದ ಸೀಲ್ ಮುಗೀತು ಅಂತ ಲೆಕ್ಕ, ಅದಕ್ಕೇ ಒಂದೆರಡು ಹೆಚ್ಚಿಗೆ ತಂದಿಟ್ಟುಕೊಳ್ಳೋದು.

ಕಡ್ಡಿಯ ತಲೆ ಹತ್ರ ಲಾಕ್ ಕೂರೋ ಕಾಲುವೆ ಇದೆಯಲ್ಲ, ಅದರ ಅಂಚು ಬ್ಲೇಡಿನಷ್ಟು ಹರಿತ. ಸೀಲಿನ ತುಟಿ ಅದನ್ನು ದಾಟುವಾಗ ಸೀಳುತ್ತೆ. ಸೀಲ್ ಸೆಟ್ಟಿನ ಜೊತೆ ಒಂದು ತೆಳು ಪ್ಲಾಸ್ಟಿಕ್ ಟೊಪ್ಪಿಗೆ ಬರುತ್ತೆ, ಅದನ್ನು ಕಡ್ಡಿಗೆ ಹಾಕಿ, ಎಂಜಿನ್ ಆಯಿಲ್ ಸವರಿ, ಅದರ ಮೇಲಿಂದ ಸೀಲ್ ಇಳಿಸಬೇಕು. ಎಷ್ಟೋ ಮೇಸ್ತ್ರಿಗಳು ಅದನ್ನು ಕಸ ಅಂತ ಎಸೀತಾರೆ. ಬಂದಿಲ್ಲ ಅಂದ್ರೆ ಕಾಲುವೆ ಮುಚ್ಚುವಂತೆ ತೆಳುವಾಗಿ ಟೇಪ್ ಸುತ್ತಿ ಆಯಿಲ್ ಹಚ್ಚಿದರೂ ನಡೆಯುತ್ತೆ, ಆಮೇಲೆ ಟೇಪ್ ತೆಗೆಯಲು ಮರೆಯಬೇಡಿ. ಒತ್ತೋದು ಸೀಲಿನ ಹೊರ ಅಂಚಿಗೆ ಸರಿಯಾಗಿ ಕೂರುವ ಟೂಲ್ ಅಥವಾ ಬಾಕ್ಸ್ ಸ್ಪ್ಯಾನರಿನ ಸಾಕೆಟ್ಟಿನಿಂದ, ನೇರವಾಗಿ, ತಳ ಮುಟ್ಟುವವರೆಗೆ. ಸುತ್ತಿಗೆ ಏಟು ಬೇಡ. ಗೈಡಿಗೆ ಅನಾಬಾಂಡ್, ಫೆವಿಕ್ವಿಕ್ ಯಾವುದೂ ಬೇಡ. ಸೀಲ್ ಕೂತ ಮೇಲೆ ವಾಲ್ವನ್ನು ಮತ್ತೆ ಹೊರಗೆಳೆದು ಹಾಕೋದೂ ಬೇಡ, ಕಾಲುವೆ ಮತ್ತೊಮ್ಮೆ ತುಟಿ ಸೀಳುತ್ತೆ.

ಉಳಿದದ್ದು ನಿಮಗೂ ಮೇಸ್ತ್ರಿಗೂ ಗೊತ್ತಿರೋದೇ: ಹೊಸ ಗ್ಯಾಸ್ಕೆಟ್, ಹೆಡ್ ಬೋಲ್ಟನ್ನು ಕಂಪನಿ ಹೇಳಿದ ಕ್ರಮದಲ್ಲಿ ಎರಡು ಮೂರು ಹಂತದಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯೋದು, ಫೀಲರ್ ಗೇಜ್ ಇಟ್ಟು ಟ್ಯಾಪೆಟ್ ಸೆಟ್ ಮಾಡೋದು. "ಕೈಲೆಕ್ಕ ಸಾಕು" ಅನ್ನೋರಿಗೆ ಟಾರ್ಕ್ ರೆಂಚ್ ನೀವೇ ಬಾಡಿಗೆ ತಂದುಕೊಡಿ.

ಇಳಿಸಿದ ಹಳೇ ಆಯಿಲನ್ನು ಬದುವಿಗೆ, ಗಿಡದ ಬುಡಕ್ಕೆ ಚೆಲ್ಲಬೇಡಿ. ಗೆದ್ದಲಿಗೆ ಒಳ್ಳೇದು ಅಂತ ನಮ್ಮಪ್ಪ ಬೇಲಿ ಗೂಟಕ್ಕೆ ಬಳೀತಿದ್ದರು, ಆ ಗೂಟದ ಸುತ್ತ ವರ್ಷಾನುಗಟ್ಟಲೆ ಹುಲ್ಲೂ ಹುಟ್ಟಲಿಲ್ಲ. ಕ್ಯಾನಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋ ಅಂಗಡಿಗೆ ಕೊಡಿ.

ಎರಡನೇ ಸಲ ನನಗೆ ಆರು ಗೈಡ್, ಎರಡು ಹೊಸ ಎಕ್ಸಾಸ್ಟ್ ವಾಲ್ವ್, ಸೀಟ್ ಕೆಲಸ, ಕಂಪನಿ ಸೀಲ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ಹದಿನಾಲ್ಕು ಸಾವಿರ ಆಯ್ತು. ಮೊದಲನೇ ಸಲವೇ ಮಾಡಿಸಿದ್ದರೆ ಹೆಚ್ಚು ಕಡಿಮೆ ಅಷ್ಟೇ ಆಗ್ತಿತ್ತು, ನಾಲ್ಕು ಸಾವಿರ ಉಳೀತಿತ್ತು, ಮೇ ತಿಂಗಳಲ್ಲೇ ಮುಗೀತಿತ್ತು. ಆಮೇಲೆ ಮೂರು ವರ್ಷ ಆಯ್ತು. ಎರಡು ಆಯಿಲ್ ಬದಲಾವಣೆಯ ನಡುವೆ ಈಗ ಮೇಲಿಂದ ಆಯಿಲ್ ಹಾಕಿಲ್ಲ.

ಆ ಹುಡುಗನ ವಿಷಯ. ಏರ್ ಕ್ಲೀನರ್ ಬಿಚ್ಚಿದಾಗ ಅಂಗೈ ತುಂಬ ಮೆಕ್ಕೆಜೋಳದ ಹೊಟ್ಟು ಸಿಕ್ಕಿತಂತೆ. ತೊಳೆದು ಹಾಕಿದ ಮೇಲೆ ರೇಸ್ ಕೊಟ್ಟಾಗಿನ ಹೊಗೆ ಅರ್ಧ ಇಳಿದಿದೆ, ಬೆಳಗಿನ ಹೊಗೆ ಹಾಗೇ ಇದೆ. ಮೊನ್ನೆ ಹೆಡ್ ಇಳಿಸಿ ವಾಲ್ವ್ ಅಲುಗಾಡಿಸೋ ವಿಡಿಯೋ ಕಳಿಸಿದ. ಮೂರು ಇನ್‌ಲೆಟ್ ಗೈಡ್ ಫೋನಿನಲ್ಲೇ ಕಾಣುವಷ್ಟು ಆಡ್ತಿವೆ, ಎಕ್ಸಾಸ್ಟ್ ಪರವಾಗಿಲ್ಲ. ಈಗ ಹೆಡ್ ಲೇತಿನಲ್ಲಿದೆ, ಸೀಲ್ ಇನ್ನೂ ತರಿಸಿಲ್ಲ. ಗೈಡ್ ಕೂತ ಮೇಲೆ ಅದರ ತಲೆ ಅಳೆದು, ಪಾರ್ಟ್ ನಂಬರ್ ನೋಡಿ ತರಿಸ್ತೀನಿ ಅಂದಿದ್ದಾನೆ.